ಬಲಾಬಲ ತೂಗುವುದು ಹೇಗೆ? – ಬಫೆಲೋ ಬಿಲ್ಸ್ ತಂಡದ ಪಾಠ

ಕ್ರಿಕೆಟ್ ತಂಡವೊಂದರ ಬಲಾಬಲ ಹೇಳಿ ಎಂದರೆ ನಿಮ್ಮಲ್ಲಿ ಯಾರೂ ಹಿಂದೆ ಬೀಳುವವರಲ್ಲ. ಆರಂಭದ ಜೋಡಿ ಗಟ್ಟಿ, ಮಧ್ಯದ ಸಾಲು ಪೊಳ್ಳು, ಕೊನೆಯ ಓವರುಗಳಲ್ಲಿ ಬೌಲಿಂಗ್ ಸಡಿಲ ಎಂದು ಪಟಪಟನೆ ಹೇಳಿಬಿಡುತ್ತೀರಿ. ಆದರೆ ಟಿ.ವಿ.ಯಲ್ಲಿ ಅಮೆರಿಕದ ಫುಟ್‌ಬಾಲ್ ಬಂದಾಗ? ಹೆಲ್ಮೆಟ್ ತೊಟ್ಟ ಇಪ್ಪತ್ತೆರಡು ಮಂದಿ ಡಿಕ್ಕಿ ಹೊಡೆದು ಒಬ್ಬರ ಮೇಲೊಬ್ಬರು ಬೀಳುವ ಗಲಾಟೆಯಷ್ಟೇ ಕಾಣುತ್ತದೆ. ಆ ಗಲಾಟೆಯ ಒಳಗೆ ಚದುರಂಗದಂಥ ಲೆಕ್ಕಾಚಾರವಿದೆ. ಅದನ್ನು ತಿಳಿಯಲು ಒಂದು ತಂಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಆಟದ ಗುಟ್ಟು. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅಷ್ಟು ದೂರ ಹೋಗಲಾಗದಿದ್ದರೆ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು 3 ಅಂಕ ಗಳಿಸಬಹುದು. ಇದು ಫೀಲ್ಡ್ ಗೋಲ್. ಆಟದ ಅವಧಿ 60 ನಿಮಿಷ.

ಕ್ರಿಕೆಟಿನಲ್ಲಿ ಬ್ಯಾಟ್ ಮಾಡಿದವರೇ ಫೀಲ್ಡಿಂಗಿಗೂ ಇಳಿಯುತ್ತಾರೆ. ಇಲ್ಲಿ ಹಾಗಲ್ಲ. ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಇನ್ನೊಂದು, ಒದೆಯುವ ಸಂದರ್ಭಗಳಿಗೆ ಮೂರನೆಯದು. ಆದ್ದರಿಂದ ಒಂದು ತಂಡ ಎಂದರೆ ಮೂರು ತಂಡ ಎಂದೇ ತಿಳಿಯಿರಿ. ಮೂರನ್ನೂ ಬೇರೆಬೇರೆಯಾಗಿ ತೂಗಬೇಕು.

ಬಲವೇ ದುರ್ಬಲವಾದಾಗ

1990ರ ಋತುವಿನ ಬಫೆಲೋ ಬಿಲ್ಸ್ ತಂಡವನ್ನು ನೋಡಿ. ನಯಾಗರಾ ಜಲಪಾತದ ಸಮೀಪದ ಬಫೆಲೋ ನಗರದ ತಂಡ ಅದು. ತರಬೇತುದಾರ ಮಾರ್ವ್ ಲೆವಿ. ಚೆಂಡು ಎಸೆದು ದಾಳಿ ನಡೆಸುವ ನಾಯಕ, ಅಂದರೆ ಕ್ವಾರ್ಟರ್‌ಬ್ಯಾಕ್, ಜಿಮ್ ಕೆಲ್ಲಿ. ಚೆಂಡು ಹಿಡಿದು ಓಡಲು ಥರ್ಮನ್ ಥಾಮಸ್, ಎಸೆದದ್ದನ್ನು ಹಿಡಿಯಲು ಆಂಡ್ರೆ ರೀಡ್, ರಕ್ಷಣೆಗೆ ಬ್ರೂಸ್ ಸ್ಮಿತ್. ಈ ಐವರಿಗೂ ಮುಂದೆ ಆ ಆಟದ ಹಾಲ್ ಆಫ್ ಫೇಮ್ ಗೌರವ ಸಂದಿತು.

ಪ್ರತಿ ದಾಳಿಗೆ ಮುಂಚೆ ಆಟಗಾರರು ಗುಂಪುಗೂಡಿ ಪಿಸುಮಾತಿನಲ್ಲಿ ಯೋಜನೆ ಹೂಡುವುದು ರೂಢಿ. ಬಫೆಲೋ ಇದನ್ನೇ ಬಹುಮಟ್ಟಿಗೆ ಕೈಬಿಟ್ಟಿತು. ಕೆಲ್ಲಿ ನಿಂತಲ್ಲಿಂದಲೇ ಕೂಗಿ ಹೇಳುತ್ತಿದ್ದ, ಎದುರಾಳಿ ಉಸಿರು ತಿರುಗಿಸಿಕೊಳ್ಳುವ ಮೊದಲೇ ಮತ್ತೊಂದು ದಾಳಿ! ಆ ಋತುವಿನ 16 ಪಂದ್ಯಗಳಲ್ಲಿ ತಂಡ ಗಳಿಸಿದ್ದು 428 ಅಂಕ, ಇಡೀ ಲೀಗ್‌ನಲ್ಲೇ ಹೆಚ್ಚು. ಸೆಮಿಫೈನಲ್ ಎನ್ನಬಹುದಾದ ಪಂದ್ಯದಲ್ಲಿ ರೇಡರ್ಸ್ ವಿರುದ್ಧ 51-3ರ ಗೆಲುವು.

ಫೈನಲ್, ಅಂದರೆ ಸೂಪರ್ ಬೌಲ್, ನಡೆದದ್ದು 1991ರ ಜನವರಿ 27ರಂದು, ಟ್ಯಾಂಪಾದಲ್ಲಿ. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್. ಅದೇ ಜೈಂಟ್ಸ್ ತಂಡವನ್ನು ಡಿಸೆಂಬರಿನಲ್ಲಿ ಬಫೆಲೋ 17-13ರಿಂದ ಸೋಲಿಸಿತ್ತು. ಆ ಪಂದ್ಯದಲ್ಲಿ ಗಾಯಗೊಂಡ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಫಿಲ್ ಸಿಮ್ಸ್ ಮತ್ತೆ ಆಡಿರಲಿಲ್ಲ. ಬದಲಿ ಆಟಗಾರ ಜೆಫ್ ಹಾಸ್ಟೆಟ್ಲರ್ ಕಣಕ್ಕಿಳಿದಿದ್ದ. ಕಾಗದದ ಮೇಲೆ ಬಫೆಲೋ ಬಲಶಾಲಿ.

ಜೈಂಟ್ಸ್ ಕಂಡುಕೊಂಡ ಉಪಾಯ ಸರಳ: ಬಫೆಲೋದ ಆಕ್ರಮಣ ಭಯಂಕರ ನಿಜ, ಆದರೆ ಚೆಂಡೇ ಸಿಗದಿದ್ದರೆ? ಅವರು ಆತುರಪಡದೆ, ನಾಲ್ಕೈದು ಗಜಗಳಂತೆ ಮುಂದೆ ಸಾಗುತ್ತಾ ಗಡಿಯಾರ ಓಡಿಸಿದರು. ಮೂರನೆಯ ಅವಧಿಯಲ್ಲಿ ಒಂದೇ ದಾಳಿಯನ್ನು ಒಂಬತ್ತೂವರೆ ನಿಮಿಷ ಎಳೆದು ಟಚ್‌ಡೌನ್ ಗಳಿಸಿದರು. ಅವರ ರಕ್ಷಣಾ ತರಬೇತುದಾರ ಬಿಲ್ ಬೆಲಿಚಿಕ್, ಥಾಮಸ್ ಓಡಿದರೆ ಓಡಲಿ, ಕೆಲ್ಲಿಯ ದೂರದ ಎಸೆತಗಳನ್ನು ಮಾತ್ರ ತಡೆಯಿರಿ ಎಂಬ ಪಟ್ಟು ಹಾಕಿದ್ದ. ಥಾಮಸ್ 135 ಗಜ ಓಡಿದ. ಆದರೂ 60 ನಿಮಿಷಗಳಲ್ಲಿ 40 ನಿಮಿಷಕ್ಕೂ ಹೆಚ್ಚು ಕಾಲ ಚೆಂಡು ಜೈಂಟ್ಸ್ ಕೈಯಲ್ಲೇ ಇತ್ತು.

ಇಲ್ಲಿ ಹೊಸಬರು ಗಮನಿಸಬೇಕಾದ ಸಂಗತಿ ಒಂದಿದೆ. ಬಫೆಲೋದ ದಾಳಿ ಬೇಗ ಮುಗಿಯುತ್ತದೆ. ಹಾಗಾಗಿ ಅದರ ರಕ್ಷಣಾ ಪಡೆ ವಿಶ್ರಾಂತಿಯಿಲ್ಲದೆ ಮತ್ತೆ ಕಣಕ್ಕಿಳಿಯಬೇಕು. ವೇಗವೇ ಆ ತಂಡದ ಶಕ್ತಿ, ಅದೇ ವೇಗ ಅದರ ರಕ್ಷಕರನ್ನು ದಣಿಸುವಂಥದ್ದು.

ಒಬ್ಬನ ತಲೆಗೆ ಕಟ್ಟಬೇಡಿ

ಕೊನೆಗೆ ಅಂಕ 20-19, ಜೈಂಟ್ಸ್ ಮುಂದೆ. ಉಳಿದದ್ದು 8 ಸೆಕೆಂಡ್. ಬಫೆಲೋದ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಒದ್ದ ಚೆಂಡು ಬಲಗಂಬದ ಹೊರಗೆ ಹೋಯಿತು. ನಾರ್ವುಡ್‌ನಿಂದ ಸೋತರು ಎಂದು ಹೇಳುವುದು ಸುಲಭ. ಆದರೆ ಅದು ಕಠಿಣ ದೂರ. ಬಫೆಲೋದ ತವರು ಮೈದಾನದ್ದು ಕೃತಕ ಹಾಸು, ಟ್ಯಾಂಪಾದ್ದು ನಿಜವಾದ ಹುಲ್ಲು. ಅದಕ್ಕಿಂತ ಹೆಚ್ಚಾಗಿ, 40 ನಿಮಿಷ ಚೆಂಡು ಕಸಿಯಲಾಗದೆ ಹೋದದ್ದು ಇಡೀ ತಂಡದ ಲೋಪ.

ಮುಂದಿನ ಮೂರು ವರ್ಷಗಳೂ ಇದಕ್ಕೆ ಸಾಕ್ಷಿ. 1992ರ ಜನವರಿಯಲ್ಲಿ ವಾಷಿಂಗ್ಟನ್ ವಿರುದ್ಧ 37-24, 1993ರಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ 52-17, 1994ರಲ್ಲಿ ಮತ್ತೆ ಡಲ್ಲಾಸ್ ವಿರುದ್ಧ 30-13, ಮೂರೂ ಫೈನಲ್‌ಗಳಲ್ಲಿ ಸೋಲು. 1993ರಲ್ಲಂತೂ ಬಫೆಲೋ ಚೆಂಡನ್ನು ಎದುರಾಳಿಗೆ 9 ಬಾರಿ ಒಪ್ಪಿಸಿತು. 1994ರಲ್ಲಿ ಅರ್ಧ ಆಟಕ್ಕೆ 13-6ರಿಂದ ಮುಂದಿದ್ದರೂ, ಥಾಮಸ್ ಕೈಜಾರಿದ ಚೆಂಡನ್ನು ಡಲ್ಲಾಸ್‌ನ ಜೇಮ್ಸ್ ವಾಷಿಂಗ್ಟನ್ 46 ಗಜ ಓಡಿ ಟಚ್‌ಡೌನ್ ಮಾಡಿದ ಮೇಲೆ ಪಂದ್ಯ ತಿರುಗಿತು.

ಹಾಗೆಂದು ಇದನ್ನು ಸೋಲುಗುಳಿ ತಂಡ ಎನ್ನಬಹುದೇ? 1993ರ ಜನವರಿ 3ರಂದು ಹ್ಯೂಸ್ಟನ್ ಆಯ್ಲರ್ಸ್ ವಿರುದ್ಧ 3-35ರಿಂದ ಹಿಂದಿದ್ದಾಗ, ಗಾಯಾಳು ಕೆಲ್ಲಿಯ ಬದಲಿಗೆ ಆಡಿದ ಫ್ರಾಂಕ್ ರೈಕ್ ನೇತೃತ್ವದಲ್ಲಿ ಅದೇ ತಂಡ 41-38ರಿಂದ ಗೆದ್ದಿತು. ಸತತ ನಾಲ್ಕು ವರ್ಷ ಸೂಪರ್ ಬೌಲ್ ತಲುಪಿದ ತಂಡ ಇಂದಿಗೂ ಅದೊಂದೇ.

ಇನ್ನು ಮುಂದೆ ಯಾವುದೇ ತಂಡ ನೋಡುವಾಗ ನಾಲ್ಕು ಪ್ರಶ್ನೆ ಕೇಳಿ. ಚೆಂಡು ಎಷ್ಟು ಹೊತ್ತು ಯಾರ ಬಳಿ ಇತ್ತು? ಯಾರು ಎಷ್ಟು ಸಲ ಕಳೆದುಕೊಂಡರು? ಒದೆಯುವ ಪಡೆ ಹೇಗಿದೆ? ಮುಖ್ಯ ಆಟಗಾರ ಬಿದ್ದರೆ ಎದ್ದು ನಿಲ್ಲುವವರು ಯಾರು? ಅಂಕಪಟ್ಟಿ ಯಾರು ಗೆದ್ದರೆಂದು ಹೇಳುತ್ತದೆ, ಯಾಕೆ ಗೆದ್ದರೆಂದು ಹೇಳುವುದಿಲ್ಲ.

ಬಫೆಲೋದ ಜನ ಈ ಲೆಕ್ಕವನ್ನು ಬೇಗ ಅರಿತಿದ್ದರು. 1991ರ ಆ ಸೋಲಿನ ಮರುದಿನ ನಯಾಗರಾ ಚೌಕದಲ್ಲಿ ಸಾವಿರಾರು ಮಂದಿ ತಂಡವನ್ನು ಸ್ವಾಗತಿಸಲು ನೆರೆದಿದ್ದರು. ಅವರು ಹೆಸರು ಹಿಡಿದು ಕೂಗಿ ವೇದಿಕೆಗೆ ಕರೆದದ್ದು ಕೆಲ್ಲಿಯನ್ನಲ್ಲ, ಥಾಮಸ್‌ನನ್ನೂ ಅಲ್ಲ, ಸ್ಕಾಟ್ ನಾರ್ವುಡ್‌ನನ್ನು.