ಅಲೆ ಬಂದಾಗ ದೋಣಿಯ ಮೂತಿ ಎತ್ತಬೇಕೇ, ತಗ್ಗಿಸಬೇಕೇ? ಫಾರ್ವರ್ಡ್ ಆಗುವ ನಾಲ್ಕು ನಂಬಿಕೆಗಳು, ನಾಲ್ಕು ಉತ್ತರಗಳು

ಮೋಟಾರು ದೋಣಿಯೊಂದು ಅಲೆಯಿಂದ ಅಲೆಗೆ ನೆಗೆಯುತ್ತಾ, ಮೂತಿ ಆಕಾಶಕ್ಕೆ ಎತ್ತಿಕೊಂಡು ಹೋಗುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ, ಕೆಳಗೆ ‘ಹೀಗೆ ಓಡಿಸಿದರೆ ಯಾವ ಅಲೆಯೂ ಏನೂ ಮಾಡಲ್ಲ’ ಎಂಬ ಬರಹ. ನೋಡಲು ಚೆಂದ. ಆದರೆ ಇದನ್ನು ನಂಬಿ ದೋಣಿ ಹತ್ತಿದರೆ ಸೊಂಟ ಉಳಿಯುವುದೂ ಕಷ್ಟ, ಕೆಲವೊಮ್ಮೆ ಜೀವವೂ.

‘ಕಡೂರು, ಅಜ್ಜಂಪುರದವರಿಗೆ ಸಮುದ್ರದ ಉಸಾಬರಿ ಯಾಕೆ?’ ಎನ್ನಬೇಡಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಭದ್ರಾ ಜಲಾಶಯವಿದೆ. ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿ ನೋಡಲು ಮೋಟಾರು ದೋಣಿಯಲ್ಲಿ ಹೋಗುವವರು ಸಾಕಷ್ಟು. ರಜೆ ಬಂದರೆ ಮಲ್ಪೆ, ಮುರುಡೇಶ್ವರ, ಕಾರವಾರಕ್ಕೆ ಹೋಗಿ ದೋಣಿ ಹತ್ತುವವರಲ್ಲೂ ನಮ್ಮ ಕಡೆಯವರು ಇದ್ದೇ ಇರುತ್ತಾರೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು. ಹಾವೇರಿಯೂ ನಮ್ಮಂತೆ ಸಮುದ್ರವಿಲ್ಲದ ಜಿಲ್ಲೆಯೇ.

ನಂಬಿಕೆ 1: ‘ಡ್ಯಾಮಿನ ನೀರು ಸಮುದ್ರದಂತಲ್ಲ, ಅಲೆ ಚಿಕ್ಕದು, ಭಯವಿಲ್ಲ’

ಅರ್ಧ ಮಾತ್ರ ನಿಜ. ಅಲೆಯ ಎತ್ತರ ಗಾಳಿಯ ವೇಗವನ್ನು ಮಾತ್ರ ಅವಲಂಬಿಸಿಲ್ಲ. ಗಾಳಿ ಎಷ್ಟು ಹೊತ್ತು ಬೀಸಿತು, ಅಡೆತಡೆಯಿಲ್ಲದ ನೀರಿನ ಮೇಲೆ ಎಷ್ಟು ದೂರ ಓಡಿತು ಎನ್ನುವುದೂ ಮುಖ್ಯ. ಜಲಾಶಯದಲ್ಲಿ ಆ ದೂರ ಕಡಿಮೆ. ಹಾಗಾಗಿ ದೊಡ್ಡ ಅಲೆ ಏಳುವುದಿಲ್ಲ, ಆದರೆ ಏಳುವ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಬರುತ್ತವೆ.

ಲೆಕ್ಕ ಹೀಗಿದೆ. ಆಳವಾದ ನೀರಿನಲ್ಲಿ 8 ಸೆಕೆಂಡಿಗೊಮ್ಮೆ ಬರುವ ಕಡಲಿನ ಅಲೆಯ ಒಂದು ತುದಿಯಿಂದ ಮುಂದಿನ ತುದಿಗೆ ಸುಮಾರು 100 ಮೀಟರ್ ಅಂತರ. ಸಣ್ಣ ದೋಣಿ ಅದರ ಮೇಲೆ ಗುಡ್ಡ ಹತ್ತಿಳಿದಂತೆ ನಿಧಾನವಾಗಿ ಹತ್ತಿ ಇಳಿಯುತ್ತದೆ. 2 ಸೆಕೆಂಡಿಗೊಮ್ಮೆ ಬರುವ ಅಲೆಗೆ ಅಂತರ ಸುಮಾರು 6 ಮೀಟರ್ ಮಾತ್ರ. ನಿಮ್ಮ ದೋಣಿಯ ಉದ್ದವೂ 6 ಮೀಟರ್ ಇದ್ದರೆ, ಒಂದು ಅಲೆಯಿಂದ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಬಡಿಯುತ್ತದೆ. ಚಿಕ್ಕ ಅಲೆಯಲ್ಲೂ ದೋಣಿ ದಡಬಡ ಎನ್ನುವುದು ಇದಕ್ಕೇ. ಕಡಲಿನಲ್ಲೂ ಗಾಳಿ ಎದ್ದಾಗ ದೊಡ್ಡ ಅಲೆಗಳ ಮೇಲೆ ಇಂಥ ಗಿಡ್ಡ ಅಲೆಗಳು ಸೇರಿಕೊಳ್ಳುತ್ತವೆ.

ನಂಬಿಕೆ 2: ‘ವೇಗ ಹೆಚ್ಚಿಸಿದರೆ ಅಲೆಗಳ ಮೇಲೆ ಹಾರಿ ಹೋಗಬಹುದು’

ಸಣ್ಣ ದೋಣಿಗೆ ಇದು ತಪ್ಪು. ಮೇಲೆ ಹೇಳಿದ 6 ಮೀಟರ್ ಅಂತರದ ಅಲೆ ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಬರುತ್ತದೆ. ನೀವು ಅದಕ್ಕೆ ಎದುರಾಗಿ 30 ಕಿ.ಮೀ. ವೇಗದಲ್ಲಿ ಹೋದರೆ ಎರಡೂ ಸೇರಿ 41. ಅಂದರೆ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೊಡೆತ. ವೇಗವನ್ನು 15ಕ್ಕೆ ಇಳಿಸಿದರೆ ಸೆಕೆಂಡಿಗೆ ಒಂದು ಹೊಡೆತಕ್ಕೆ ಇಳಿಯುತ್ತದೆ, ಪ್ರತಿ ಹೊಡೆತದ ಜೋರೂ ಕಡಿಮೆಯಾಗುತ್ತದೆ.

ಹೊಡೆತ ಎಂದರೆ ಬರೀ ಕುಲುಕಾಟವಲ್ಲ. ವೇಗದ ದೋಣಿಯ ಮುಂಭಾಗದಲ್ಲಿ ಕೂತವರು ಮೇಲಕ್ಕೆ ಚಿಮ್ಮಿ ಸೀಟಿಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಪ್ರಕರಣಗಳನ್ನು ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ಬಸ್ಸಿನಲ್ಲಿ ಹಂಪ್ ಬಂದಾಗ ಕೊನೆಯ ಸೀಟಿನವರು ಹಾರಿ ಬೀಳುತ್ತಾರಲ್ಲ, ದೋಣಿಯಲ್ಲಿ ಆ ಜಾಗ ಮುಂದೆ ಇರುತ್ತದೆ. ಮಕ್ಕಳು ‘ಮುಂದೆ ಕೂರ್ತೀನಿ’ ಎಂದು ಹಠ ಮಾಡುವುದೂ ಅಲ್ಲಿಗೇ.

ನಂಬಿಕೆ 3: ‘ಮೂತಿ ಎತ್ತರ ಇದ್ದಷ್ಟೂ ಕ್ಷೇಮ’

ಒಂದು ಸಣ್ಣ ಪರೀಕ್ಷೆ ಮಾಡಿ. ಬಕೆಟ್ಟಿನ ನೀರಿಗೆ ಅಂಗೈಯನ್ನು ಚಪ್ಪಟೆಯಾಗಿ ಹೊಡೆಯಿರಿ. ಛಟ್ ಎನ್ನುತ್ತದೆ, ಕೈ ಉರಿಯುತ್ತದೆ. ಈಗ ಅದೇ ಕೈಯನ್ನು ಅಡ್ಡ ತಿರುಗಿಸಿ, ಕಿರುಬೆರಳಿನ ಕಡೆಯಿಂದ ಹೊಡೆಯಿರಿ. ನೀರು ಸೀಳಿಕೊಂಡು ದಾರಿ ಬಿಡುತ್ತದೆ.

ದೋಣಿಯ ತಳವೂ ಹೀಗೆಯೇ. ಮುಂದಿನ ಭಾಗ ಕೊಡಲಿಯ ಬಾಯಿಯಂತೆ ಚೂಪು, ಹಿಂದೆ ಹೋದಂತೆ ಚಪ್ಪಟೆ. ಮೂತಿ ಮೇಲೆದ್ದರೆ ಚೂಪಾದ ಭಾಗ ಗಾಳಿಯಲ್ಲಿ ಉಳಿದು, ಚಪ್ಪಟೆ ತಳ ಅಲೆಗೆ ಅಪ್ಪಳಿಸುತ್ತದೆ. ಮೂತಿ ಸ್ವಲ್ಪ ತಗ್ಗಿದರೆ ಚೂಪಾದ ಭಾಗವೇ ಮೊದಲು ನೀರನ್ನು ಸೀಳುತ್ತದೆ. ಇನ್ನೊಂದು ಲಾಭವೆಂದರೆ ಓಡಿಸುವವನಿಗೆ ಮುಂದಿನ ದಾರಿ ಕಾಣುತ್ತದೆ. ಜಲಾಶಯದಲ್ಲಿ ನೀರಿನಡಿ ಮರದ ಬೊಡ್ಡೆ ಇರಬಹುದಾದ್ದರಿಂದ ಇದು ಸಣ್ಣ ವಿಷಯವಲ್ಲ.

ಮೂತಿ ತಗ್ಗಿಸುವುದು ಹೇಗೆ? ಇಲ್ಲಿ ಬರುವುದೇ ಟ್ರಿಮ್ ಟ್ಯಾಬ್. ಇವು ದೋಣಿಯ ಹಿಂಬದಿಯ ಕೆಳ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು, ಬಾಗಿಲ ಕೀಲಿನಂತೆ ಜೋಡಿಸಿದ ಎರಡು ತಗಡುಗಳು. ಓಡಿಸುವವನ ಮುಂದಿರುವ ಗುಂಡಿ ಒತ್ತಿದರೆ ಇವು ಕೆಳಕ್ಕೆ ಬಾಗುತ್ತವೆ. ಓಡುವ ನೀರು ಬಾಗಿದ ತಗಡಿಗೆ ತಾಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ದೋಣಿಯ ಹಿಂಭಾಗ ಏಳುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ಮಕ್ಕಳ ಪಾರ್ಕಿನ ಏರಿಳಿಯುವ ಹಲಗೆಯ ಲೆಕ್ಕವೇ ಇದು.

ಈರುಳ್ಳಿ ಮೂಟೆ ಹೇರಿದ ಟ್ರ್ಯಾಕ್ಟರ್ ಏರಿ ಹತ್ತುವಾಗ ಮುಂದಿನ ಚಕ್ರ ಎದ್ದೇಳುವುದನ್ನು ಅಜ್ಜಂಪುರ, ಕಡೂರಿನ ರೈತರಿಗೆ ಹೇಳಿಕೊಡಬೇಕಿಲ್ಲ. ಹಿಂದೆ ಭಾರ, ಮುಂದೆ ಹಗುರ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಹಿಂದೆ ಎಂಜಿನ್ ಹೊತ್ತು, ಹಿಂದೆಯೇ ಜನ ಕೂತ ದೋಣಿಯೂ ಅದೇ ಸ್ಥಿತಿಯಲ್ಲಿರುತ್ತದೆ. ಟ್ಯಾಬ್ ಅದನ್ನು ನೆಟ್ಟಗೆ ಮಾಡುತ್ತದೆ.

ಎಡಬಲದ ವಾಲಾಟಕ್ಕೂ ಇದೇ ಉಪಾಯ. ದೋಣಿ ಬಲಕ್ಕೆ ವಾಲಿದ್ದರೆ ಬಲಗಡೆಯ ತಗಡನ್ನು ಸ್ವಲ್ಪ ಇಳಿಸಿದರೆ ಆ ಬದಿ ಮೇಲೇಳುತ್ತದೆ. ಒಂದು ಎಚ್ಚರಿಕೆ: ಬಹಳಷ್ಟು ದೋಣಿಗಳಲ್ಲಿ ಗುಂಡಿಯ ಮೇಲಿನ ಗುರುತು ತಗಡಿನದ್ದಲ್ಲ, ಮೂತಿಯದ್ದು. ಎಡಗುಂಡಿ ಒತ್ತಿದರೆ ಬಲಗಡೆಯ ತಗಡು ಇಳಿದು ಮೂತಿಯ ಎಡಭಾಗ ತಗ್ಗುತ್ತದೆ. ಹೊಸ ದೋಣಿ ಹಿಡಿದವರು ಇದನ್ನು ತಿಳಿನೀರಿನಲ್ಲೇ ಪರೀಕ್ಷಿಸಿಕೊಳ್ಳಬೇಕು. ಒಂದು ಕ್ಷಣ ಒತ್ತಿ, ಬಿಟ್ಟು, ದೋಣಿ ಹೇಗೆ ತಿರುಗುತ್ತದೆ ನೋಡಿ, ಬೇಕಿದ್ದರೆ ಇನ್ನೊಂದು ಸಲ ಒತ್ತಬೇಕು. ಪರಿಣಾಮ ತುಸು ತಡವಾಗಿ ಬರುವುದರಿಂದ ಅವಸರ ಮಾಡಿದರೆ ಅತಿಯಾಗಿಬಿಡುತ್ತದೆ.

ನಂಬಿಕೆ 4: ‘ಟ್ಯಾಬ್ ಇಳಿಸಿದರೆ ಎಲ್ಲ ಅಲೆಗೂ ಮದ್ದು’

ನಾಲ್ಕರಲ್ಲಿ ಅತಿ ಅಪಾಯದ ನಂಬಿಕೆ ಇದು. ಅಲೆ ಯಾವ ಕಡೆಯಿಂದ ಬರುತ್ತಿದೆ ಎನ್ನುವುದರ ಮೇಲೆ ಮದ್ದು ಬದಲಾಗುತ್ತದೆ.

ಅಲೆ ಎದುರಿನಿಂದ ಬಂದರೆ: ಮೊದಲು ವೇಗ ಇಳಿಸಿ, ಆಮೇಲೆ ಎರಡೂ ತಗಡುಗಳನ್ನು ಸ್ವಲ್ಪ ಇಳಿಸಿ. ಅತಿಯಾಗಿ ಇಳಿಸಿದರೆ ಮೂತಿ ಅಲೆಯೊಳಗೆ ನುಗ್ಗಿ ನೀರು ಒಳಗೆ ಬರುತ್ತದೆ. ನೂರು ಲೀಟರ್ ನೀರು ಎಂದರೆ ನೂರು ಕಿಲೋ ತೂಕ, ಅದೂ ಒಂದೆಡೆ ನಿಲ್ಲದ ತೂಕ.

ಅಲೆ ಹಿಂದಿನಿಂದ ಬಂದರೆ: ತಗಡುಗಳು ಪೂರ್ತಿ ಮೇಲಿರಬೇಕು. ಇಲ್ಲಿ ಮೂತಿ ತಗ್ಗಿದ್ದರೆ ಅದು ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡು ಬ್ರೇಕ್ ಹಾಕಿದಂತಾಗುತ್ತದೆ. ಹಿಂದಿನ ಅಲೆ ದೋಣಿಯ ಹಿಂಭಾಗವನ್ನು ತಳ್ಳುತ್ತಲೇ ಇರುತ್ತದೆ. ದೋಣಿ ಗರ್ರನೆ ಅಡ್ಡ ತಿರುಗಿ ಅಲೆಗೆ ಬದಿ ಒಡ್ಡುತ್ತದೆ, ಮಗುಚುವುದೂ ಆಗಲೇ. ಒಂದು ಅಲೆಯ ಬೆನ್ನ ಮೇಲೆ ಅದರ ವೇಗದಲ್ಲೇ ಸಾಗುವುದು, ಅದರ ತುದಿ ದಾಟಿ ಮುಂದಿನ ಹಳ್ಳಕ್ಕೆ ಧುಮುಕದಿರುವುದು ಕ್ಷೇಮ.

ಅಲೆ ಬದಿಯಿಂದ ಬಂದರೆ: ಟ್ಯಾಬ್ ಸಣ್ಣ ವಾಲಾಟವನ್ನು ಸರಿಪಡಿಸಬಹುದೇ ಹೊರತು ದೊಡ್ಡ ಅಲೆಯನ್ನು ತಡೆಯಲಾರದು. ನೇರ ದಾರಿ ಬಿಟ್ಟು, ಅಲೆಯನ್ನು ಮೂತಿಯ ಓರೆಗೆ ತೆಗೆದುಕೊಂಡು ಹಾವಿನ ನಡೆಯಲ್ಲಿ ದಡ ಸೇರಬೇಕು. ಹತ್ತು ನಿಮಿಷ ಹೆಚ್ಚಾದರೂ ಪರವಾಗಿಲ್ಲ.

ಎಂಜಿನ್ ನಿಂತುಹೋದರೆ: ತಗಡುಗಳು ನಿರುಪಯೋಗಿ. ಅವುಗಳ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗವಾಗುತ್ತದೆ, ನಿಂತ ದೋಣಿಯಲ್ಲಿ ಸೊನ್ನೆ. ಆಗ ಲಂಗರನ್ನು ಮೂತಿಯ ಕಡೆಯಿಂದ ಇಳಿಬಿಡಬೇಕು, ಹಿಂಬದಿಯಿಂದಲ್ಲ. ಮೂತಿ ಅಲೆಗೆ ಎದುರಾಗಿ ನಿಂತರೆ ದೋಣಿ ಉಳಿಯುತ್ತದೆ.

ಟ್ಯಾಬ್ ಇಲ್ಲದ ದೋಣಿಯಲ್ಲಿ?

ನಾವು ಹತ್ತುವ ಅನೇಕ ಸಣ್ಣ ದೋಣಿಗಳಲ್ಲಿ ಈ ತಗಡುಗಳೇ ಇರುವುದಿಲ್ಲ. ಅಲ್ಲಿ ಹಿಂದೆ ನೇತುಹಾಕಿದ ಎಂಜಿನ್ನಿನ ಓರೆಯನ್ನು ಬದಲಿಸಿ ಮೂತಿಯನ್ನು ಏರಿಸಿ ಇಳಿಸುತ್ತಾರೆ. ಅದಕ್ಕಿಂತ ದೊಡ್ಡ ಟ್ಯಾಬ್ ಎಂದರೆ ನಾವೇ. ತಲಾ 70 ಕಿಲೋದ ಹತ್ತು ಜನ ಎಂದರೆ 700 ಕಿಲೋ. ಹಕ್ಕಿ ಕಂಡಿತೆಂದು, ಸೆಲ್ಫಿ ಬೇಕೆಂದು ಆ 700 ಕಿಲೋ ಒಮ್ಮೆಗೇ ಒಂದು ಬದಿಗೆ ಓಡಿದರೆ ಯಾವ ತಗಡೂ ದೋಣಿಯನ್ನು ಕಾಯಲಾರದು.

ಮಿತಿ ಮೀರಿ ಜನ ತುಂಬಿದ ದೋಣಿಗಂತೂ ಟ್ಯಾಬ್ ಉತ್ತರವೇ ಅಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತಾಗಲೂ, ಕಾರವಾರದ ದುರಂತದಲ್ಲೂ, ಮಿತಿಗಿಂತ ಹೆಚ್ಚು ಜನರಿದ್ದರೆಂಬ ವರದಿಗಳು ಬಂದಿದ್ದವು.

ದೋಣಿ ಹತ್ತುವ ಮುನ್ನ ನೀವು ಮಾಡಬಹುದಾದ್ದು

• ಲೈಫ್ ಜಾಕೆಟ್ ತೊಟ್ಟು ಎಲ್ಲ ಬಕಲ್ ಹಾಕಿ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು, ದೊಡ್ಡವರ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿಹೋಗುತ್ತದೆ. ‘ನನಗೆ ಈಜು ಬರುತ್ತೆ’ ಎನ್ನುವವರೂ ತೊಡಬೇಕು, ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರಿಗೆ ಈಜು ನೆನಪಿರುವುದಿಲ್ಲ.
• ದೋಣಿಗೆ ಎಷ್ಟು ಜನರ ಮಿತಿ ಎಂದು ಕೇಳಿ, ತಲೆ ಎಣಿಸಿ. ಹೆಚ್ಚಿದ್ದರೆ ಮುಂದಿನ ಸರದಿಗೆ ಕಾಯಿರಿ.
• ಮಧ್ಯದಲ್ಲಿ ಅಥವಾ ಹಿಂದೆ ಕೂರಿ. ವಯಸ್ಸಾದವರು, ಬಸುರಿಯರು, ಬೆನ್ನುನೋವಿನವರು ಮುಂದೆ ಕೂರುವುದೇ ಬೇಡ.
• ನೀರಿನ ಮೇಲೆ ಬಿಳಿ ನೊರೆಯ ತಲೆಗಳು ಕಾಣುತ್ತಿದ್ದರೆ ಗಾಳಿ ಜೋರಾಗಿದೆ ಎಂದರ್ಥ. ಆ ದಿನ ಸಣ್ಣ ದೋಣಿ ಬೇಡ.
• ಅಲೆ ಎದ್ದಾಗ ‘ಇನ್ನೂ ಸ್ಪೀಡ್’ ಎಂದು ಓಡಿಸುವವನನ್ನು ಹುರಿದುಂಬಿಸಬೇಡಿ. ‘ನಿಧಾನ ಹೋಗಣ್ಣ’ ಎನ್ನಲು ನಾಚಿಕೆ ಬೇಡ.
• ಅಪಾಯದಲ್ಲಿ 112ಕ್ಕೆ ಕರೆ ಮಾಡಿ. ಸಮುದ್ರದಲ್ಲಾದರೆ ಭಾರತೀಯ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಅಲೆಗಳ ಮೇಲೆ ನೆಗೆಯುವ ದೋಣಿಯ ವಿಡಿಯೋ ಮತ್ತೆ ಬಂದರೆ, ಮುಂದೆ ಕಳಿಸುವಾಗ ಈ ನಾಲ್ಕು ಸಾಲನ್ನೂ ಸೇರಿಸಿ: ಎದುರು ಅಲೆಗೆ ವೇಗ ಇಳಿಸಿ, ಮೂತಿ ಸ್ವಲ್ಪ ತಗ್ಗಿಸಿ. ಹಿಂದಿನ ಅಲೆಗೆ ಟ್ಯಾಬ್ ಮೇಲೆತ್ತಿ. ಬದಿಯ ಅಲೆಗೆ ದಾರಿ ಓರೆ ಮಾಡಿ. ಜನ ಹೆಚ್ಚಿದ್ದರೆ ಹತ್ತಲೇಬೇಡಿ.