ಪೆರಿಕ್ಲೀಸನ ಮಗ

ಕನ್ನಡ ವಾಚಕರಲ್ಲಿ ಅನೇಕರಿಗೆ ಗ್ರೀಕ್ ರುದ್ರನಾಟಕದ ಪರಿಚಯವಾದದ್ದು ಬಿ. ಎಂ. ಶ್ರೀಯವರ ಕೃತಿಗಳಿಂದ. ಅವರ ‘ಪಾರಸಿಕರು’ ನಾಟಕವನ್ನು ಪಾಠ ಹೇಳುವಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತಿಳಿಸುವ ಸಂಗತಿಯೊಂದುಂಟು. ಈಸ್ಕಿಲಸನ ಮೂಲನಾಟಕ ಕ್ರಿ. ಪೂ. 472ರಲ್ಲಿ ಅಥೆನ್ಸಿನ ರಂಗವನ್ನೇರಿದಾಗ ಮೇಳದ ವೆಚ್ಚವನ್ನು ಹೊತ್ತವನು ತರುಣ ಪೆರಿಕ್ಲೀಸ್. ಆ ನಾಟಕದ ವಸ್ತು ಸಲಾಮಿಸ್ ಕಾಳಗ. ಅದರ ವಿಜಯಿ ಥೆಮಿಸ್ಟೋಕ್ಲೀಸನ ತಾಯಿ ಹೊರನಾಡಿನವಳೆಂದು ಪ್ಲೂಟಾರ್ಕ್ ಹೇಳುತ್ತಾನೆ.

ಇದೇ ಪೆರಿಕ್ಲೀಸ್ ಕ್ರಿ. ಪೂ. 451ರಲ್ಲಿ ಒಂದು ಶಾಸನವನ್ನು ಮಾಡಿಸಿದನು: ತಾಯಿತಂದೆಗಳಿಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗನು ಪೌರ. ಥೆಮಿಸ್ಟೋಕ್ಲೀಸನು ಆಮೇಲೆ ಹುಟ್ಟಿದ್ದರೆ ಪೌರನೇ ಆಗುತ್ತಿರಲಿಲ್ಲ! ಪೌರರ ಸಂಖ್ಯೆ ಮಿತಿಮೀರಿತೆಂಬುದು ಶಾಸನಕ್ಕೆ ಕೊಟ್ಟ ಕಾರಣ. ಪೌರತ್ವವು ಅಲ್ಲಿ ಬರಿಯ ಗೌರವವಾಗಿರಲಿಲ್ಲ, ಅದೊಂದು ಪಾಲು: ಸಭೆಯಲ್ಲಿ ಮತ, ನ್ಯಾಯಸ್ಥಾನದಲ್ಲಿ ಪೀಠ, ನೆಲದ ಒಡೆತನ. ಪಾಲುಗಾರರು ಹೆಚ್ಚುವುದು ಯಾರಿಗೆ ತಾನೆ ಹಿತ?

ವಿಧಿಯ ವ್ಯಂಗ್ಯವನ್ನು ನೋಡಿ. ಪೆರಿಕ್ಲೀಸನು ಒಲಿದದ್ದು ಮಿಲೇಟಸಿನ ಅಸ್ಪೇಸಿಯಳಿಗೆ. ಅವಳಲ್ಲಿ ಹುಟ್ಟಿದ ಮಗನು ತಂದೆಯ ಶಾಸನದಿಂದಲೇ ಪರಕೀಯನಾದನು. ಮಹಾಮಾರಿಯಲ್ಲಿ ಮೊದಲ ಪತ್ನಿಯ ಮಕ್ಕಳಿಬ್ಬರೂ ತೀರಿಕೊಂಡಾಗ ವೃದ್ಧನು ಸಭೆಯ ಮುಂದೆ ನಿಂತು, ತನ್ನ ಕುಲ ಅಳಿಯದಿರಲೆಂದು ಬೇಡಿಕೊಂಡನು. ಜನ ಕರಗಿದರು, ಮಗನಿಗೆ ತಂದೆಯ ಹೆಸರೂ ಪೌರತ್ವವೂ ದೊರೆತವು. ಆ ಕಿರಿಯ ಪೆರಿಕ್ಲೀಸ್ ಸೇನಾಪತಿಯಾಗಿ ಕ್ರಿ. ಪೂ. 406ರಲ್ಲಿ ಆರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದವರಲ್ಲೊಬ್ಬ. ಮುಳುಗುತ್ತಿದ್ದ ನಾವಿಕರನ್ನು ಕಾಪಾಡಲಿಲ್ಲವೆಂದು ಅದೇ ಸಭೆ ಅವನಿಗೂ ಇತರ ಐವರಿಗೂ ಮರಣದಂಡನೆ ವಿಧಿಸಿತು.

ಅವನಿಗಾದರೂ ಬೇಡಲು ತಂದೆಯಿದ್ದನು. ಭಾಷಣಕಾರ ಲೀಸಿಯಸನಿಗೆ ಅಂಥವರಾರೂ ಇರಲಿಲ್ಲ. ಅವನ ತಂದೆ ಸಿರಾಕ್ಯೂಸಿನಿಂದ ಬಂದು ನೆಲೆಸಿದವನು. ಅಂಥ ನಿವಾಸಿಗಳು ವರ್ಷಕ್ಕೆ 12 ದ್ರಾಕ್ಮ ತೆರಿಗೆ ತೆರಬೇಕು, ಯುದ್ಧಕ್ಕೂ ಹೋಗಬೇಕು, ಮತವಿಲ್ಲ, ಭೂಮಿಯಿಲ್ಲ. ಕ್ರಿ. ಪೂ. 404ರಲ್ಲಿ ಮೂವತ್ತು ಮಂದಿ ನಿರಂಕುಶರು ಅವನ ಅಣ್ಣನನ್ನು ಕೊಂದು ಆಸ್ತಿಯನ್ನು ದೋಚಿದರು. ಪ್ರಜಾಪಕ್ಷಕ್ಕೆ ಅವನು ಹಣವನ್ನೂ ಗುರಾಣಿಗಳನ್ನೂ ಒದಗಿಸಿದನು. ಗೆದ್ದ ಮೇಲೆ ಕೊಟ್ಟ ಪೌರತ್ವವು ಕ್ರಮ ತಪ್ಪಿ ಮಂಡಿತವಾಯಿತೆಂಬ ಆಕ್ಷೇಪದಿಂದ ರದ್ದಾಯಿತು. ಪೌರನೆಂದರೆ ಯಾರೆಂದು ಲಕ್ಷಣ ಬರೆದ ಅರಿಸ್ಟಾಟಲನೂ ಅಥೆನ್ಸಿನಲ್ಲಿ ಇಂಥ ನಿವಾಸಿಯೇ.

ಹೊಸ ಗ್ರೀಸಿನ ಮೊದಲ ಸಂವಿಧಾನ, 1822ರದು, ನಾಡಿನಲ್ಲಿ ಹುಟ್ಟಿ ಕ್ರಿಸ್ತನನ್ನು ನಂಬಿದವರನ್ನು ಗ್ರೀಕರೆಂದು ಕರೆಯಿತು. 1923ರ ಜನವಿನಿಮಯದಲ್ಲೂ ಮತವೇ ಒರೆಗಲ್ಲು. 1955ರ ಪೌರತ್ವ ಸಂಹಿತೆಯ 19ನೆಯ ವಿಧಿಯಂತೆ, ಗ್ರೀಕ್ ಕುಲದವನಲ್ಲದ ಪೌರನು ಮರಳುವ ಉದ್ದೇಶವಿಲ್ಲದೆ ದೇಶ ಬಿಟ್ಟನೆಂದು ಅಧಿಕಾರಿಗಳು ಎಣಿಸಿದರೆ ಪೌರತ್ವ ಹೋಗಬಹುದಾಗಿತ್ತು. ಥ್ರೇಸಿನ ಮುಸ್ಲಿಮರಲ್ಲಿ ಸಾವಿರಾರು ಮಂದಿ ಹೀಗೆ ಪೌರತ್ವವನ್ನು ಕಳೆದುಕೊಂಡರು. ಈ ವಿಧಿ ಅಳಿದದ್ದು 1998ರಲ್ಲಿ.

ಅಥೆನ್ಸಿನಲ್ಲೇ 1994ರಲ್ಲಿ ನೈಜೀರಿಯದ ದಂಪತಿಗಳಿಗೆ ಹುಟ್ಟಿದ ಯಾನಿಸ್ ಅಂಟೆಟೊಕೂನ್ಪೊ ಎಂಬ ಹುಡುಗನು ಹದಿನೆಂಟು ವರ್ಷ ಗ್ರೀಕ್ ಪೌರನಾಗಿರಲಿಲ್ಲ. 2013ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳ ಕಣ್ಣು ಅವನ ಮೇಲೆ ಬಿದ್ದಿತು, ಪೌರತ್ವವೂ ಬಂದಿತು. ಅದೇ ವರ್ಷ, ವಲಸಿಗರ ಮಕ್ಕಳಿಗೆಲ್ಲ ಬಾಗಿಲು ತೆರೆದಿದ್ದ 2010ರ ಕಾಯಿದೆಯನ್ನು ಅಲ್ಲಿನ ಉಚ್ಚ ಆಡಳಿತ ನ್ಯಾಯಾಲಯವು ಸಂವಿಧಾನವಿರುದ್ಧವೆಂದು ಹೊಡೆದುಹಾಕಿತು.

ಗ್ರೀಕನೆಂಬ ಹೆಸರು ರಕ್ತಕ್ಕಿಂತ ಶಿಕ್ಷಣಕ್ಕೆ ಸಲ್ಲುವುದೆಂದು ಐಸೊಕ್ರಟೀಸ್ ಕ್ರಿ. ಪೂ. 380ರ ಸುಮಾರಿನಲ್ಲೇ ಬರೆದಿದ್ದನು. ಅಧ್ಯಾಪಕನಾದ ನನಗೆ ಆ ಮಾತಿನಲ್ಲಿ ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು. 2015ರ ಗ್ರೀಕ್ ಕಾಯಿದೆ ವಲಸಿಗರ ಮಕ್ಕಳಿಂದ ಕೇಳುವುದು ಮುಖ್ಯವಾಗಿ ಶಾಲೆಯ ದಾಖಲೆಯನ್ನು.