ಕೊಟ್ಟ ವೇಷ, ನಿಂತ ನೆಲ

ಘಟ್ಟದ ಬುಡದ ಶಂಕರನಾರಾಯಣದಲ್ಲಿ ಊರಿನ ಹೆಸರೂ ದೇವರ ಹೆಸರೂ ಒಂದೇ. ಉಡುಪಿ, ಸುಬ್ರಹ್ಮಣ್ಯ, ಕುಂಭಾಶಿ, ಕೋಟೇಶ್ವರ, ಕೊಲ್ಲೂರು, ಗೋಕರ್ಣಗಳ ಜೊತೆ ಇದೂ ಪರಶುರಾಮ ಸೃಷ್ಟಿಯ ಸಪ್ತಕ್ಷೇತ್ರಗಳಲ್ಲಿ ಒಂದೆಂದು ಕರಾವಳಿ ನಂಬಿದೆ. ಹರಿ-ಹರರನ್ನು ಒಟ್ಟಿಗೇ ಕಾಣಬೇಕೆಂದು ಕ್ರೋಢ ಮುನಿ ಇಲ್ಲಿ ತಪಸ್ಸಿಗೆ ಕೂತನಂತೆ. ಇಬ್ಬರೂ ಅವನು ಕೂತಲ್ಲಿಗೇ ಬಂದರು ಎನ್ನುತ್ತದೆ ಸ್ಥಳಪುರಾಣ. ಅದರ ಗುರುತಾಗಿ ಒಂದೇ ಗರ್ಭಗುಡಿಯಲ್ಲಿ ಇಬ್ಬರ ಲಿಂಗಗಳಿವೆ.

ದೀಪಾವಳಿ ಕಳೆದ ಮೇಲೆ ಈ ಸೀಮೆಯಲ್ಲಿ, ಭಕ್ತನಿದ್ದಲ್ಲಿಗೇ ದೇವರು ಬರುವ ಅದೇ ಕಥೆ ಇನ್ನೊಂದು ರೀತಿಯಲ್ಲಿ ನಡೆಯುತ್ತದೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹಾಲಾಡಿಯ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ಹೊರಡುತ್ತವೆ. ಮಳೆಗಾಲ ಹತ್ತಿರವಾಗುವವರೆಗೂ ದಿನಕ್ಕೊಂದು ಊರು, ದಿನಕ್ಕೊಂದು ರಂಗಸ್ಥಳ. ಮಗುವಿನ ಕಾಯಿಲೆ ಗುಣವಾಯಿತೆಂದೋ ಮನೆ ಕಟ್ಟಿ ಮುಗಿಯಿತೆಂದೋ ಹರಕೆ ಹೇಳಿಕೊಂಡವರು ಕೊಯ್ಲು ಮುಗಿದ ತಮ್ಮದೇ ಗದ್ದೆಯಲ್ಲಿ ಆಟ ಆಡಿಸುತ್ತಾರೆ. ಮಂದಾರ್ತಿಗೆ ಐದು ಮೇಳಗಳಿದ್ದರೂ ಹರಕೆಯ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಬೆಂಗಳೂರು, ಮುಂಬಯಿಯಲ್ಲಿ ಹೋಟೆಲು ನಡೆಸುವವರೂ ಆ ಒಂದು ರಾತ್ರಿಗೆ ಊರಿಗೆ ಬಂದು ಗದ್ದೆಯಂಚಿನಲ್ಲಿ ಕೈಮುಗಿದು ನಿಲ್ಲುತ್ತಾರೆ. ಮಂದಾರ್ತಿ ದೇವಿ, ಅವರ ಅಮ್ಮ, ಮನೆ ಬಾಗಿಲಿಗೆ ಬಂದಳೆಂಬುದೇ ಅವರ ಮಾತು. ಹೋದ ತಿಂಗಳು ಭತ್ತ ನಿಂತಿದ್ದ ನೆಲ ಅಂದು ದೇವಸ್ಥಾನದ ಅಂಗಳವಾಗುತ್ತದೆ.

ಆಟವನ್ನು ಸೇವೆ ಎಂದು ಕರೆಯುವುದರ ಪೂರ್ತಿ ಅರ್ಥ ತಿಳಿಯಬೇಕಾದರೆ ಚೌಕಿಗೆ ಹೋಗಬೇಕು. ಬಣ್ಣ ಹಚ್ಚುವ ಈ ಬಿಡಾರದಲ್ಲಿ ಮೊದಲ ಜಾಗ ಗಣಪತಿಯದು. ಪೂಜೆಯಾಗಿ ಪ್ರಸಾದ ಹಂಚಿದ ಮೇಲೆ ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ಕೂರುತ್ತಾರೆ. ಯಾರಿಗೆ ಯಾವ ವೇಷವೆಂಬುದನ್ನು ಮೇಳವೇ ನಿಶ್ಚಯಿಸುತ್ತದೆ. ಹೊಸ ಹುಡುಗನಿಗೆ ಸಿಕ್ಕುವುದು ಕೋಡಂಗಿ. ಮುಂದೆ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ. ಮೇಳದ ಪ್ರಮುಖ ಪಾತ್ರವಾದ ಎರಡನೇ ವೇಷವಾಗಿ ಮೆರೆಯುವ ದಿನ ಬಹಳ ದೂರ. ಎಷ್ಟೋ ಮಂದಿಗೆ ಅದು ಬರುವುದೇ ಇಲ್ಲ.

ಕೋಡಂಗಿ ಕುಣಿಯುವ ಹೊತ್ತಿಗೆ ಜನ ಇನ್ನೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಗದ್ದೆಯಲ್ಲಿರುವುದು ನಾಲ್ಕಾರು ಮಕ್ಕಳು, ಕಡಲೆ ಮಾರುವವರು, ಇಷ್ಟೇ. ಆದರೂ ಹೆಜ್ಜೆ ಬಿಡುವಂತಿಲ್ಲ, ತಾಳ ತಪ್ಪುವಂತಿಲ್ಲ. ಬೆಳಗಿನ ಜಾವ ಮುಕ್ಕಾಲು ಜನ ನಿದ್ದೆಗೆ ಜಾರಿದಾಗ ಕುಣಿಯುವ ಹಿರಿಯ ವೇಷಧಾರಿಗೂ ಇದೇ ಕಟ್ಟಳೆ. ಹರಕೆ ಸಲ್ಲುವುದು ದೇವರಿಗೆ, ದೇವರು ನಿದ್ದೆ ಮಾಡುವುದಿಲ್ಲ. ದೊಡ್ಡ ವೇಷ ಸಿಕ್ಕ ಮೇಲೆ ಚೆನ್ನಾಗಿ ಕುಣಿದೇನು ಎನ್ನುವವನು ಆ ದೊಡ್ಡ ವೇಷಕ್ಕೆ ಸಿದ್ಧನಾಗುವುದೇ ಇಲ್ಲ. ಈ ಸೀಮೆಯ ಬಡಗುತಿಟ್ಟು ಯಕ್ಷಗಾನದ ದೊಡ್ಡ ಕಲಾವಿದರು ಮೂಡಿಬಂದದ್ದು ಯಾರೂ ನೋಡದ ಆ ಹೊತ್ತಿನ ಕುಣಿತದಿಂದ.

ಈ ನಿಷ್ಠೆಗೆ ಕನ್ನಡದಲ್ಲಿ ಬಹಳ ಹಳೆಯ ಬೇರುಗಳಿವೆ. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನದು ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಅವನು ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆ ಇನ್ನೂ ಗಟ್ಟಿ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳದೆ ಕಾಯಕಕ್ಕೆ ನಡೆದ, ಲಿಂಗವೇ ಅವನ ಹಿಂದೆ ಬಂತು. ಲಿಂಗವನ್ನು ಮತ್ತೆ ಸ್ವೀಕರಿಸುವಂತೆ ಅವನನ್ನು ಒಪ್ಪಿಸಲು ಮಡಿವಾಳ ಮಾಚಯ್ಯನೇ ನಡುವೆ ಬರಬೇಕಾಯಿತು ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ದೂರದ ಪ್ಯಾರಿಸ್‌ನಲ್ಲೂ ಇಂಥವನೊಬ್ಬನಿದ್ದ. 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಮಠದ ಅಡುಗೆಮನೆಯ ಗದ್ದಲದಲ್ಲೂ ಪ್ರಾರ್ಥನೆಯ ಹೊತ್ತಿನಷ್ಟೇ ಸಮಾಧಾನದಿಂದ ದೇವರ ಜೊತೆ ಇದ್ದವನು.

ಈಚಿನ ವರ್ಷಗಳಲ್ಲಿ ಕೆಲವು ಮೇಳಗಳು ಇಡೀ ರಾತ್ರಿ ಬಿಟ್ಟು ಕಾಲಮಿತಿಗೆ ಹೊರಳಿವೆ. ಹೊತ್ತು ಚಿಕ್ಕದಾದರೂ ಚೌಕಿಯ ಪೂಜೆ ಉಳಿದಿದೆ. ತಿರುಗಾಟ ಮುಗಿದ ಮೇಲೆ ಕಲಾವಿದರ ಬದುಕೂ ಬೇರೆಯಾಗುತ್ತದೆ. ರಾಜನಾಗಿ ಕುಣಿದವನು ಮಳೆಗಾಲದಲ್ಲಿ ನೇಜಿ ನೆಡುತ್ತಾನೆ, ಇಲ್ಲವೇ ಅಡುಗೆ ಕೆಲಸಕ್ಕೆ ಹೋಗುತ್ತಾನೆ. ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ನಡೆಯುತ್ತಾರೆ. ನವರಾತ್ರಿಗೆ ಹೂವಿನಕೋಲು ಹಿಡಿದ ಮಕ್ಕಳ ಸರದಿ. ಭಾಗವತರ ಜೊತೆ ಹೋಗಿ ಜಗಲಿಯಲ್ಲಿ ಕೂತು ಅರ್ಥ ಹೇಳುತ್ತಾರೆ.

ಅಂಥ ಮನೆಗಳಲ್ಲಿ ರಂಗಸ್ಥಳವಿಲ್ಲ, ದೊಡ್ಡ ದೀಪವಿಲ್ಲ. ಒಂದು ಹಣತೆ, ಒಂದು ಮದ್ದಳೆ, ಹೊರಗೆ ಒಲ್ಲಿ ಹೊದ್ದು ಕೂತ ಅಜ್ಜಿ. ಮಾಡಿನಿಂದ ನೀರು ಇಳಿಯುತ್ತಿದ್ದರೂ ಪದ ಮುಗಿಯುವವರೆಗೆ ಆಕೆ ಏಳುವುದಿಲ್ಲ.